ಆಡು ಮುಟ್ಟದ ಆಡುಸೋಗೆ

ಆಡು ಮುಟ್ಟದ ಸೊಪ್ಪಿಲ್ಲವೆಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಆದರೆ ಈ ಗಾದೆಗೂ ಒಂದು ಅಪವಾದವುಂಟು. ಅಕ್ಕಿಆಲೂರು, ಹಾನಗಲ್ಲುಗಳ ಅರೆಮಲೆನಾಡಿನ ಸೀಮೆಯಲ್ಲಿ ತೋಟದ ಬೇಲಿಗೂ ಹಿತ್ತಿಲ ಮೂಲೆಗೂ ಒಗ್ಗಿಕೊಂಡು, ಆಳೆತ್ತರ ಬೆಳೆದು, ಬಿಳಿಯ ಹೂದೆನೆಗಳನ್ನು ಹೊತ್ತು ನಿಲ್ಲುವ ಆಡುಸೋಗೆಯನ್ನು ಹಸಿದ ಆಡೂ ಮೂಸಿ ನೋಡಿ ಮುಂದೆ ಸಾಗುತ್ತದೆ. ದನಕರುಗಳೂ ಅದಕ್ಕೆ ಬಾಯಿ ಹಾಕವು. ಆದುದರಿಂದಲೇ ರೈತನು ಅದನ್ನು ಬೇಲಿಗೆ ಆರಿಸಿಕೊಂಡನು. ಪಶುವು ಒಲ್ಲೆನೆಂದು ಬಿಟ್ಟ ಅದೇ ಎಲೆಯನ್ನು ಮನುಷ್ಯನು ಕೆಮ್ಮುದಮ್ಮುಗಳಿಗೆ ಮದ್ದೆಂದು ಕೈಗೆತ್ತಿಕೊಂಡನು. ಈ ನಿರಾಕರಣೆಯನ್ನೂ ಈ ಸ್ವೀಕಾರವನ್ನೂ ಕೂಡಿಸಿ ನೋಡಿದಲ್ಲಿ ಆಡುಸೋಗೆಯ ಇತಿಹಾಸವು ನಮಗೊಂದು ಪಾಠವನ್ನು ಹೇಳುತ್ತದೆ.

ಸಂಸ್ಕೃತದಲ್ಲಿ ಇದಕ್ಕೆ ವಾಸಾ, ವಾಸಕ, ವೃಷ, ಆಟರೂಷ ಎಂಬ ಹೆಸರುಗಳಿವೆ. ಹೂವು ಬಾಯ್ದೆರೆದ ಸಿಂಹವನ್ನು ಹೋಲುವುದರಿಂದ ಸಿಂಹಾಸ್ಯವೆಂದೂ ಕರೆದರು. ಕಾಸ, ಶ್ವಾಸ, ರಕ್ತಪಿತ್ತ, ಕ್ಷಯಗಳಲ್ಲಿ ಆಯುರ್ವೇದವು ಇದನ್ನು ವಿಧಿಸಿದೆ. ವಾಸಾವಲೇಹ, ವಾಸಾರಿಷ್ಟಗಳು ಇಂದಿಗೂ ಬಳಕೆಯಲ್ಲಿವೆ. ವೈದ್ಯವಿದ್ಯೆಯು ಕನ್ನಡಕ್ಕೆ ಹೊಸದಲ್ಲ. 12ನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನೂ, ಕೀರ್ತಿವರ್ಮನು ಪಶುಚಿಕಿತ್ಸೆಯ ‘ಗೋವೈದ್ಯ’ವನ್ನೂ ಕನ್ನಡದಲ್ಲಿ ರಚಿಸಿದರು. ವೈದ್ಯವನ್ನೇ ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣನು ಶರಣರ ಸಾಲಿನಲ್ಲಿದ್ದನು. ಈ ಪರಂಪರೆಯಲ್ಲಿ ಮೂಲಿಕೆಯ ಹೆಸರಿನೊಡನೆ ಅದರ ಪ್ರಮಾಣ, ಅನುಪಾನ, ರೋಗಿಯ ಬಲಾಬಲಗಳ ವಿಚಾರವೂ ಸೇರಿಯೇ ಇರುತ್ತಿತ್ತೆಂಬುದನ್ನು ನಾವು ಮರೆಯಲಾಗದು.

ಆಡುಸೋಗೆಯ ಗುಣಕ್ಕೆ ಕಾರಣವಾದ ವಸ್ತು ಯಾವುದೆಂಬ ಪ್ರಶ್ನೆಗೆ ಮೊದಲ ಉತ್ತರ ದೊರೆತುದು ನಮ್ಮ ನೆರೆಯ ನೀಲಗಿರಿಯಲ್ಲಿ. ಸಿಂಕೋನಾ ತೊಗಟೆಯ ಕ್ವಿನೈನನ್ನು ಪರೀಕ್ಷಿಸಲು ಮದ್ರಾಸು ಸರಕಾರವು ಉದಕಮಂಡಲದಲ್ಲಿ ನೇಮಿಸಿದ್ದ ರಸಾಯನಶಾಸ್ತ್ರಜ್ಞ ಡೇವಿಡ್ ಹೂಪರ್ 1888ರಲ್ಲಿ ಇದರ ಎಲೆಗಳಿಂದ ಕಹಿಯಾದ ಒಂದು ಸಸ್ಯಕ್ಷಾರವನ್ನು ಬೇರ್ಪಡಿಸಿ ಅದಕ್ಕೆ ವಾಸಿಸಿನ್ ಎಂದು ಹೆಸರಿಟ್ಟರು. ‘ವಾಸಾ’ ಎಂಬ ಪ್ರಾಚೀನ ನಾಮವು ಹೀಗೆ ಆಧುನಿಕ ರಸಾಯನಶಾಸ್ತ್ರದಲ್ಲಿ ನೆಲೆಗೊಂಡಿತು. ಆಡುಸೋಗೆಯ ಎಲೆಯು ಕ್ರಿಮಿಕೀಟಗಳಿಗೆ ಮಾರಕವೆಂಬುದೂ ಆಗ ಗಮನಕ್ಕೆ ಬಂದಿತು. ಸತಲಜ ಕಣಿವೆಯ ರೈತರು ನೀರು ನಿಲ್ಲಿಸಿದ ಭತ್ತದ ಗದ್ದೆಗಳಲ್ಲಿ ಈ ಎಲೆಗಳನ್ನು ಹರಡಿ ಗೊಬ್ಬರವನ್ನಾಗಿಯೂ ನೀರ್ಗಳೆಗೆ ವಿಷವನ್ನಾಗಿಯೂ ಬಳಸುತ್ತಿದ್ದುದನ್ನು ಆ ಕಾಲದ ಗ್ರಂಥಗಳು ದಾಖಲಿಸಿವೆ. ಭತ್ತದ ನಾಡಿನವರಾದ ನಮಗೆ ಈ ಮಾತಿನ ಮರ್ಮ ಬೇಗನೆ ತಿಳಿದೀತು. ಗಿಡವು ತನ್ನನ್ನು ತಿನ್ನಬಂದವರಿಂದ ರಕ್ಷಿಸಿಕೊಳ್ಳಲು ಕೂಡಿಟ್ಟುಕೊಂಡ ಕಹಿಯೇ ಮನುಷ್ಯನಿಗೆ ಮದ್ದಾಯಿತು.

1925ರಲ್ಲಿ ಕಲಕತ್ತೆಯ ಚೋಪ್ರಾ ಮತ್ತು ಘೋಷರು ವಾಸಿಸಿನ್ನಿನ ಪರಿಣಾಮವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದರು. 1930ರ ದಶಕದಲ್ಲಿ ಭಾರತದ ವಿಜ್ಞಾನಿಗಳೂ ವಿಯೆನ್ನಾದ ಸ್ಪೇಟ್ ಅವರೂ ಅದರ ರಚನೆಯನ್ನು ಬಿಡಿಸಿದರು. ಇಂಗಾಲದ 11, ಜಲಜನಕದ 12, ಸಾರಜನಕದ 2, ಆಮ್ಲಜನಕದ 1 ಪರಮಾಣುಗಳು ಸೇರಿ ಇದರ ಒಂದು ಅಣುವಾಗುತ್ತದೆ. 1959ರಲ್ಲಿ ಅಮೀನ್ ಮತ್ತು ಮೆಹತಾ ಎಂಬವರು ಅದರ ಸೋದರ ವಸ್ತುವಾದ ವಾಸಿಸಿನೋನನ್ನು ಗುರುತಿಸಿ, ಅದು ಶ್ವಾಸನಾಳವನ್ನು ಹಿಗ್ಗಿಸುವುದೆಂದು ವರದಿ ಮಾಡಿದರು. ವಾಸಿಸಿನ್ ಗಾಳಿಯ ಸಂಪರ್ಕದಲ್ಲಿ ಉತ್ಕರ್ಷಣಗೊಂಡು ವಾಸಿಸಿನೋನ್ ಆಗಬಲ್ಲುದು. ಎಂದ ಬಳಿಕ, ಹಸಿಯೆಲೆಯ ರಸವೂ ಒಣಗಿಸಿಟ್ಟ ಎಲೆಯ ಕಷಾಯವೂ ಒಂದೇ ಮದ್ದಲ್ಲ. ಋತು, ನೆಲ, ಎಲೆಯ ಪ್ರಾಯಗಳಿಂದಲೂ ಸತ್ವವು ಹೆಚ್ಚುಕಡಿಮೆಯಾಗುವುದು.

ಇದೇ ವಾಸಿಸಿನ್ನಿನ ಜಾಡು ಹಿಡಿದು ಜರ್ಮನಿಯಲ್ಲಿ ಕೃತಕವಾಗಿ ಸಿದ್ಧಪಡಿಸಿದ ಬ್ರೋಮ್‌ಹೆಕ್ಸಿನ್ 1963ರಲ್ಲಿ ಔಷಧವಾಗಿ ಬಳಕೆಗೆ ಬಂದಿತು. ಗಟ್ಟಿಯಾದ ಕಫವನ್ನು ತೆಳುಗೊಳಿಸಿ ಹೊರದೂಡುವುದು ಅದರ ಕೆಲಸ. ಅದು ನಮ್ಮ ದೇಹದಲ್ಲಿ ಮಾರ್ಪಟ್ಟು ಆಗುವ ಆಂಬ್ರೋಕ್ಸಾಲ್ ಕೂಡ ಪ್ರತ್ಯೇಕ ಔಷಧವಾಗಿದೆ. ಪೇಟೆಯ ಔಷಧಿ ಅಂಗಡಿಯಿಂದ ಕೆಮ್ಮಿನ ಸೀಸೆ ತರುವವನು ಎಷ್ಟೋ ವೇಳೆ ತನ್ನ ಬೇಲಿಯ ಗಿಡದ ದೂರದ ಬಂಧುವನ್ನೇ ಹಣ ಕೊಟ್ಟು ತಂದಿರುತ್ತಾನೆ!

ಇಲ್ಲಿಗೆ ಹಿರಿಯರ ಜ್ಞಾನವು ಗೆದ್ದಿತೆಂದು ಹೆಮ್ಮೆಪಟ್ಟು ಸುಮ್ಮನಾಗುವುದು ಸುಲಭ. ಆದರೆ ಎರಡು ಮಾತುಗಳನ್ನು ಹೇಳದೆ ಮುಗಿಸುವುದು ನ್ಯಾಯವಲ್ಲ. ಮೊದಲನೆಯದು ಕ್ಷಯದ ಮಾತು. ಬ್ರೋಮ್‌ಹೆಕ್ಸಿನ್, ಆಂಬ್ರೋಕ್ಸಾಲ್‌ಗಳು ಕ್ಷಯದ ರೋಗಾಣುವಿನ ಬೆಳವಣಿಗೆಯನ್ನು ತಡೆಯುವುದು 1996ರಲ್ಲಿ ಕಂಡುಬಂದಿತಾದರೂ ಅದು ಪ್ರಯೋಗಾಲಯದ ಪಾತ್ರೆಯೊಳಗಿನ ಮಾತು, ರೋಗಿಯ ಎದೆಯೊಳಗಿನದಲ್ಲ. ಕ್ಷಯವು ಗುಣವಾಗುವುದು ಹಲವು ಔಷಧಿಗಳನ್ನು ತಿಂಗಳುಗಟ್ಟಲೆ ತಪ್ಪದೆ ಸೇವಿಸುವುದರಿಂದ. ಆ ಚಿಕಿತ್ಸೆಯನ್ನು ಹಳ್ಳಿಹಳ್ಳಿಗೆ ಮುಟ್ಟಿಸುವ ರಾಷ್ಟ್ರೀಯ ಕಾರ್ಯಕ್ರಮವು ರೂಪುಗೊಂಡುದು 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿಯೇ. ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತವಾಗಿ ದೊರೆಯುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಕಷಾಯವನ್ನೇ ನಂಬಿ ಕೂತರೆ ಮನೆಯ ಮಕ್ಕಳಿಗೂ ರೋಗ ಹಬ್ಬೀತು.

ಎರಡನೆಯದು ಇನ್ನೂ ಗಂಭೀರವಾದುದು. ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದ ವಿಜ್ಞಾನಿಗಳು ವಾಸಿಸಿನ್ ಗರ್ಭಾಶಯವನ್ನು ಸಂಕೋಚಗೊಳಿಸುವುದೆಂದು ತೋರಿಸಿ, ಆ ಕುರಿತಾದ ಕೃತಿಯನ್ನು 1980ರಲ್ಲಿ ಪ್ರಕಟಿಸಿದರು. ಗರ್ಭಿಣಿಗೆ ಕೆಮ್ಮು ಬಂದಾಗ ಹಿತ್ತಿಲ ಸೊಪ್ಪಲ್ಲವೆ, ಏನಾದೀತು ಎಂದು ಕುದಿಸಿ ಕೊಡುವ ಲೋಟವು ಅವಳ ಒಡಲಿಗೆ ಅಪಾಯ ತಂದೀತು. ಗಿಡಮೂಲಿಕೆಯಾದುದರಿಂದ ನಿರಪಾಯವೆಂಬ ನಂಬಿಕೆಯು ನಮ್ಮ ಪ್ರಾಚೀನ ವೈದ್ಯರದಲ್ಲ. ಅಳತೆಯನ್ನು ಮರೆತ ನಮ್ಮದು.

ಗುಣಮಾಡುವ ಶಕ್ತಿಯುಳ್ಳ ವಸ್ತುವಿಗೆ ಕೇಡುಮಾಡುವ ಶಕ್ತಿಯೂ ಇದ್ದೇ ಇರುತ್ತದೆ. ಆಡು ಅದನ್ನು ಮೂಗಿನಿಂದ ತಿಳಿದು ದೂರ ಸರಿಯಿತು. ಮನುಷ್ಯನು ವಿವೇಕದಿಂದ ತಿಳಿದು ಅಳೆದು ಬಳಸಬೇಕು. ಬೇಲಿಯ ಆಡುಸೋಗೆಯನ್ನು ಕಡಿದು ಮುಳ್ಳುತಂತಿ ಬಿಗಿಯುವ ಈ ದಿನಗಳಲ್ಲಿ ಅದರ ನಾಲ್ಕು ಗಿಡಗಳಾದರೂ ಉಳಿಯಲಿ. ಅದರೊಡನೆ ಅದನ್ನು ಬಳಸುವ ಅಳತೆಯೂ ಉಳಿಯಲಿ.