ಡ್ರೈವರನ ಕೋಣೆ

ನಮ್ಮ ಓದುಗರಲ್ಲಿ ಬಹುಮಂದಿ ದಿನವೂ ಲೋಕಲ್ ಹಿಡಿದು ಕಚೇರಿಗೆ ಹೋಗುವವರು. ಗಾಡಿ ಐದು ನಿಮಿಷ ತಡವಾದರೆ ಮೋಟರ್‌ಮನ್ನನನ್ನು ಬೈಯುತ್ತೇವೆ. ಆತನ ಮುಖ ಕಂಡವರು ವಿರಳ. ಆತ ಕೂಡುವ ಕೋಣೆಯ ಚರಿತ್ರೆಯನ್ನು ಸ್ವಲ್ಪ ಹೇಳೋಣವೆನಿಸಿತು.

ನಾವು ಬೆಳೆದದ್ದು ಹುಬ್ಬಳ್ಳಿಯಲ್ಲಿ, ರೈಲ್ವೆ ಕ್ವಾರ್ಟರ್ಸಿನ ಮಗ್ಗುಲಿಗೆ. ಉಗಿಬಂಡಿಯ ಕೊನೆಗಾಲವದು. ಮನೆಗಳಲ್ಲಿ ಫೋನಿಲ್ಲ. ನಡುರಾತ್ರಿ 'ಕಾಲ್ ಬಾಯ್' ಸೈಕಲ್ಲಿನ ಮೇಲೆ ಬಂದು ಡ್ರೈವರ್ ಕಾಕಾರ ಬಾಗಿಲು ತಟ್ಟಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಕಾಕಾ ಯಾವಾಗ ಮಲಗಿದರು, ಯಾವಾಗ ಎದ್ದರು, ಎದ್ದು ಯಾರ ಮೇಲೆ ರೇಗಿದರು, ಎಲ್ಲವೂ ಓಣಿಗೆ ಗೊತ್ತು. ಮನೆಯಲ್ಲಿ ಅವರಿಗೆ ಮರೆಯೆಂಬುದಿರಲಿಲ್ಲ. ಇದ್ದದ್ದು ಎಂಜಿನ್ನಿನಲ್ಲಿ. ಒಂದು ಎಂಜಿನ್ನನ್ನು ಗೊತ್ತಾದ ಡ್ರೈವರನಿಗೇ ವಹಿಸುವ ಪದ್ಧತಿ ಹಲವು ಶೆಡ್ಡುಗಳಲ್ಲಿತ್ತು. ಹಿತ್ತಾಳೆಯನ್ನು ತಿಕ್ಕಿ ಬೆಳಗಿಸುವರು, ಬಾಯ್ಲರಿನ ಬಿಸಿಗೆ ಬುತ್ತಿ ಕಾಯಿಸಿಕೊಳ್ಳುವರು. ಫೈರ್‌ಮನ್ನರ ಹೊರತು ಅಲ್ಲಿ ಇನ್ನೊಬ್ಬರ ಕಣ್ಣಿಲ್ಲ.

ಡೀಸೆಲ್, ವಿದ್ಯುತ್ ಬಂದ ಮೇಲೆ ಈ ಒಡೆತನ ಕರಗಿತು. ಮುಂಬಯಿಯಲ್ಲಿ ಬೋರಿಬಂದರಿನಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ಗಾಡಿ ಓಡಿದ್ದು 1925ರ ಫೆಬ್ರವರಿ 3ರಂದು. ಲೋಕಲ್ ಗಾಡಿಗಳಲ್ಲಿ 'ಡೆಡ್‌ಮ್ಯಾನ್ಸ್ ಹ್ಯಾಂಡಲ್' ಎಂಬುದೊಂದುಂಟು. ಮೋಟರ್‌ಮನ್ ಅದನ್ನು ಒತ್ತಿ ಹಿಡಿದೇ ಇರಬೇಕು; ಎಚ್ಚರ ತಪ್ಪಿ ಕೈಬಿಟ್ಟರೆ ಬ್ರೇಕು ತಾನಾಗಿ ಬೀಳುತ್ತದೆ. ಎಂಜಿನ್ನುಗಳಿಗೆ ವೇಗವನ್ನು ಕಾಗದದ ಪಟ್ಟಿಯ ಮೇಲೆ ಗೆರೆಯಾಗಿ ಬರೆಯುವ ಯಂತ್ರವೂ ಬಂತು. ಕಾಕಾ ಮೊದಲು ಗೊಣಗಿದರು. ಆಮೇಲೆ, "ಅದು ನನ್ನ ಪರವಾಗಿಯೂ ಸಾಕ್ಷಿ ಹೇಳ್ತದ" ಎಂದು ಸುಮ್ಮನಾದರು. ವಿಜ್ಞಾನ ಓದಿದ ನಮಗೆ ಆ ಮಾತು ಹಿಡಿಸಿತು: ಯಂತ್ರ ಅಳೆಯುತ್ತಿದ್ದುದು ಗಾಡಿಯನ್ನು, ಮನುಷ್ಯನನ್ನಲ್ಲ.

ಡ್ರೈವರರ ದೊಡ್ಡ ಜಗಳವಿದ್ದದ್ದು ದುಡಿಮೆಯ ಹೊತ್ತಿನ ಬಗ್ಗೆ. 1973ರ ಆಗಸ್ಟಿನಲ್ಲಿ ಮುಷ್ಕರ ಹೂಡಿ, ಡ್ಯೂಟಿ ಹತ್ತು ಗಂಟೆ ಮೀರಬಾರದೆಂಬ ಮಾತನ್ನು ಸರ್ಕಾರದಿಂದ ಪಡೆದರು. ಮರುವರ್ಷ ಮೇ 8ರಿಂದ 27ರವರೆಗೆ, ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ, ಇಡೀ ದೇಶದ ರೈಲು ಮುಷ್ಕರ ನಡೆಯಿತು. ಮಾತು ಕೊಟ್ಟಷ್ಟು ಸುಲಭವಾಗಿ ಹತ್ತು ಗಂಟೆ ಕೈಗೆ ಬರಲಿಲ್ಲವೆನ್ನುವುದು ಬೇರೆ ಕಥೆ.

ಮನುಷ್ಯನನ್ನೇ ನೋಡುವ ಕಣ್ಣು ಮೊದಲು ಸುದ್ದಿಯಾದದ್ದು ಅಮೆರಿಕದಲ್ಲಿ. 2008ರ ಸೆಪ್ಟೆಂಬರ್ 12ರಂದು ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಬಳಿ ಪ್ರಯಾಣಿಕರ ಗಾಡಿಯೊಂದು ಕೆಂಪು ಸಿಗ್ನಲ್ ದಾಟಿ ಸರಕುಗಾಡಿಗೆ ಡಿಕ್ಕಿ ಹೊಡೆಯಿತು. 25 ಜನ ಸತ್ತರು. ಡ್ರೈವರ್ ಮೊಬೈಲಿನಲ್ಲಿ ಸಂದೇಶ ಕಳಿಸುತ್ತಿದ್ದನೆಂದು ತನಿಖೆ ಹೇಳಿತು. ಮರುವರ್ಷ ಆ ಸಂಸ್ಥೆ ಡ್ರೈವರನ ಮುಖಕ್ಕೇ ಕ್ಯಾಮೆರಾ ಇಟ್ಟಿತು. ಸಂಘದವರು ಕೋರ್ಟಿಗೆ ಹೋದರು, ಕ್ಯಾಮೆರಾ ಉಳಿಯಿತು. ಸತ್ತವರ ಮನೆಯವರನ್ನು ನೆನೆದರೆ ಕ್ಯಾಮೆರಾ ಬೇಡವೆನ್ನಲು ನಮಗೂ ಬಾಯಿ ಬಾರದು.

ಈಚಿನ ವರ್ಷಗಳಲ್ಲಿ ನಮ್ಮ ಎಂಜಿನ್ನುಗಳಿಗೂ ಮಾತು, ಚಿತ್ರ ಎರಡನ್ನೂ ಹಿಡಿದಿಡುವ ಉಪಕರಣ ಬರತೊಡಗಿತು. ಆದರೆ ಡ್ರೈವರರಿಗಾಗಿ ಶೌಚಾಲಯವಿರುವ ಮೊದಲ ಎಂಜಿನ್ ಹಳಿಗೆ ಬಂದದ್ದೇ 2016ರಲ್ಲಿ! ಸುರೇಖಾ ಯಾದವ್ ಸಹಾಯಕ ಡ್ರೈವರಾಗಿ ಸೇರಿದ್ದು 1989ರಲ್ಲಿ. ಆಕೆ, ಆಕೆಯ ಹಿಂದೆ ಬಂದ ಹೆಣ್ಣುಮಕ್ಕಳು, ಅಷ್ಟು ವರ್ಷ ಹೇಗೆ ದುಡಿದರೋ. ಊಟಕ್ಕೂ ಶೌಚಕ್ಕೂ ಗೊತ್ತಾದ ಬಿಡುವು ಬೇಕೆಂಬ ಕೇಳಿಕೆಯನ್ನು 2025ರ ಏಪ್ರಿಲಿನಲ್ಲಿ ರೈಲ್ವೆ ಮಂಡಳಿ ಕಾರ್ಯಸಾಧ್ಯವಲ್ಲವೆಂದು ಬದಿಗಿಟ್ಟಿತು. ಕ್ಯಾಮೆರಾದಿಂದ ಡ್ರೈವರರ ಖಾಸಗಿತನಕ್ಕೆ ಧಕ್ಕೆಯಿಲ್ಲವೆಂಬ ಅಭಿಪ್ರಾಯವೂ ಆಗಲೇ ಹೊರಬಿತ್ತು. ನಾವೂ ಕಡತಗಳ ನಡುವೆ ಬದುಕುವವರೇ. ಆ ಎರಡು ಮಾತುಗಳು ಒಟ್ಟಿಗೇ ಹೇಗೆ ಕೂತವೋ ತಿಳಿಯಲಿಲ್ಲ.

ಕಳೆದ ರಜೆಯಲ್ಲಿ ಹುಬ್ಬಳ್ಳಿಗೆ ಹೋದಾಗ ಕಾಕಾರಿಗೆ ಕ್ಯಾಮೆರಾದ ಸುದ್ದಿ ಹೇಳಿದೆವು. ಎಂಬತ್ತು ದಾಟಿದ ಜೀವ, ಕಿವಿ ಮಂದ. ಎರಡು ಸಲ ಹೇಳಿಸಿಕೊಂಡು ಕೇಳಿದರು:

"ಪಾಯಿಖಾನಿ ಮಾಡಿಸ್ಯಾರೇನು?"

"ಕೆಲವಕ್ಕ ಮಾಡಿಸ್ಯಾರ, ಕಾಕಾ" ಎಂದೆವು.