ವಸಡಿನ ಕೀವು, ರಕ್ತದ ಸಕ್ಕರೆ

ಸಕ್ಕರೆ ಕಾಯಿಲೆ ಇರುವವರ ವಸಡು ಬೇಗ ಕೆಡುತ್ತದೆ ಎಂಬ ತಿಳಿವಳಿಕೆ ಹಳೆಯದು. ಕೆಟ್ಟ ವಸಡಿಗೆ ಚಿಕಿತ್ಸೆ ಮಾಡಿದರೆ ಸಕ್ಕರೆಯೂ ಒಂದಿಷ್ಟು ಇಳಿಯುತ್ತದೆ ಎಂಬ ತಿಳಿವಳಿಕೆ ಮಾತ್ರ ತೀರ ಈಚಿನದು. ಸುಶ್ರುತ ಸಂಹಿತೆಯ ನಿದಾನಸ್ಥಾನವು ಪ್ರಮೇಹದ, ಎಂದರೆ ಸಕ್ಕರೆ ಕಾಯಿಲೆಯನ್ನೂ ಒಳಗೊಂಡ ಮೂತ್ರರೋಗಗಳ, ಪೂರ್ವರೂಪಗಳನ್ನು ಎಣಿಸುವಾಗ ಅಂಗೈ ಅಂಗಾಲುಗಳ ಉರಿ, ಬಾಯಾರಿಕೆಗಳ ಜೊತೆಗೇ ಉಸಿರಿನ ದುರ್ವಾಸನೆಯನ್ನೂ ಅಂಗುಳು, ಗಂಟಲು, ನಾಲಗೆ, ಹಲ್ಲುಗಳ ಮೇಲೆ ಕೊಳೆ ಕೂಡುವುದನ್ನೂ ಹೇಳುತ್ತದೆ. ಹಲ್ಲಿನ ಬುಡದ ಹದಿನೈದು ರೋಗಗಳನ್ನು ಅದು ಬೇರೆಯೇ ವಿವರಿಸುತ್ತದೆ. ಪ್ರಮೇಹದ ಮಟ್ಟಿಗೆ ಅಲ್ಲಿ ಬಾಯಿ ಎಂದರೆ ಬರಲಿರುವ ರೋಗದ ಸುಳಿವು ಕೊಡುವ ಜಾಗ.

ಯುರೋಪಿನ ವೈದ್ಯರು 1860ರ ದಶಕದ ಹೊತ್ತಿಗೆ ಮಧುಮೇಹಿಗಳ ಬಾಯಿಯ ಬದಲಾವಣೆಗಳನ್ನು ಬರೆದಿಡತೊಡಗಿದ್ದರು. ಅಮೆರಿಕದ ಹಾರ್ಟ್‌ಫರ್ಡ್‌ನ ದಂತವೈದ್ಯ ಜಾನ್ ರಿಗ್ಸ್ 1870ರ ದಶಕದಲ್ಲಿ, ವಸಡಿನಿಂದ ಕೀವು ಒಸರುವ ರೋಗಕ್ಕೆ ಹಲ್ಲು ಕೀಳುವುದೊಂದೇ ದಾರಿಯಲ್ಲ, ಬೇರಿಗೆ ಅಂಟಿ ಗಟ್ಟಿಯಾದ ಕೊಳೆಯನ್ನು ಕೆರೆದು ತೆಗೆದರೆ ಹಲ್ಲು ಉಳಿಯುತ್ತದೆ ಎಂದು ಮಾಡಿ ತೋರಿಸಿದ. ನಮ್ಮಲ್ಲಿ ಪಯೋರಿಯಾ ಎಂದು ಹೆಸರಾದ ಈ ರೋಗವನ್ನು ಅಲ್ಲಿ ಬಹುಕಾಲ ಅವನ ಹೆಸರಿನಿಂದಲೇ ಕರೆಯುತ್ತಿದ್ದರು. ಇಂದಿನ ಸ್ಕೇಲಿಂಗ್‌ನ ಮೂಲ ತತ್ವವೂ ಅದೇ.

ಈ ವಿವೇಕ ಉಳಿಯಲಿಲ್ಲ. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1910ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ, ದೇಹದ ಎಷ್ಟೋ ಕಾಯಿಲೆಗಳ ಬೇರು ಬಾಯಿಯ ಕೀವಿನಲ್ಲಿದೆ ಎಂದು ಸಾರಿದ. ಆ ಬಳಿಕ ಕೀಲುನೋವಿನಿಂದ ಹಿಡಿದು ಮನೋರೋಗದವರೆಗೆ ಎಲ್ಲಕ್ಕೂ ಹಲ್ಲು ಕೀಳುವ ಗೀಳು ಪಶ್ಚಿಮದಲ್ಲಿ ಹಬ್ಬಿತು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ, ಗಟ್ಟಿ ಹಲ್ಲುಗಳೂ ಸಾಲುಸಾಲಾಗಿ ಹೋದವು. ಹಲ್ಲು ಹೋದರೂ ಕಾಯಿಲೆ ಹೋಗಲಿಲ್ಲ ಎಂದು 1930ರ ನಂತರ ಖಚಿತವಾಗುತ್ತ ಬಂದಾಗ ಆ ವಾದ ಬಿದ್ದುಹೋಯಿತು. ಅದರ ಜೊತೆಗೆ, ಬಾಯಿಗೂ ದೇಹಕ್ಕೂ ಸಂಬಂಧ ಕಲ್ಪಿಸುವ ಯಾವ ಮಾತನ್ನೇ ಆದರೂ ವೈದ್ಯರು ಅನುಮಾನದಿಂದ ನೋಡುವಂತಾಯಿತು. ದಂತವೈದ್ಯಕೀಯ ಮತ್ತು ವೈದ್ಯಕೀಯ ಬೇರೆ ಬೇರೆ ಕಾಲೇಜುಗಳಲ್ಲಿ ಬೆಳೆದದ್ದರಿಂದ ಆ ಅಂತರ ಇನ್ನಷ್ಟು ಅಗಲವಾಯಿತು.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕರ ಹುಡುಗನೊಬ್ಬನಿಗೆ ಮೊದಲ ಇನ್ಸುಲಿನ್ ಚುಚ್ಚುಮದ್ದು ಸಿಕ್ಕಿತು. ಬೇಗ ಸಾಯುತ್ತಿದ್ದ ಮಧುಮೇಹಿಗಳು ದಶಕಗಟ್ಟಲೆ ಬದುಕತೊಡಗಿದರು. ಆಗ ಕಣ್ಣು, ಮೂತ್ರಪಿಂಡ, ನರಗಳ ತೊಂದರೆಗಳು ಎದ್ದು ಕಂಡವು. ಸಡಿಲವಾಗಿ ಉದುರುವ ಹಲ್ಲುಗಳೂ ಕಂಡವು. 1960ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವಿಲಿಯಮ್ಸ್ ಮತ್ತು ಮಹಾನ್ ಎಂಬಿಬ್ಬರು ಒಂದು ಚಿಕ್ಕ ವರದಿ ಪ್ರಕಟಿಸಿದರು. ವಸಡುರೋಗವಿದ್ದ ಒಂಬತ್ತು ಮಧುಮೇಹಿಗಳಿಗೆ ಬಾಯಿಯ ಚಿಕಿತ್ಸೆ ಮಾಡಿದಾಗ ಏಳು ಮಂದಿಗೆ ಬೇಕಾಗುವ ಇನ್ಸುಲಿನ್ ಕಡಿಮೆಯಾಗಿತ್ತು. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪೊಂದು ಅದರಲ್ಲಿರಲಿಲ್ಲ. ಆದರೂ ಪ್ರಶ್ನೆಯನ್ನು ಸರಿಯಾದ ಕಡೆಯಿಂದ ಹಿಡಿದ ವರದಿ ಅದು.

ಮುಂದಕ್ಕೆ ಹೋಗಲು ಅಡ್ಡಿಯಾದದ್ದು ಅಳತೆ. ಬೆನೆಡಿಕ್ಟ್ ದ್ರಾವಣದಲ್ಲಿ ಮೂತ್ರ ಕಾಯಿಸಿ, ನೀಲಿ ಬಣ್ಣ ಹಸಿರಿಗೆ ತಿರುಗಿತೋ ಇಟ್ಟಿಗೆ ಕೆಂಪಿಗೆ ತಿರುಗಿತೋ ಎಂದು ನೋಡುತ್ತಿದ್ದ ಕಾಲ ಅದು. ಆ ಬಣ್ಣವಾಗಲಿ ರಕ್ತದ ಸಕ್ಕರೆಯಾಗಲಿ ಆ ಹೊತ್ತಿನ ಸ್ಥಿತಿ ಹೇಳುತ್ತಿದ್ದವೇ ಹೊರತು ತಿಂಗಳುಗಳ ಲೆಕ್ಕ ಕೊಡುತ್ತಿರಲಿಲ್ಲ. ಟೆಹರಾನಿನ ಸಂಶೋಧಕ ಸಾಮುಯೆಲ್ ರಹಬರ್ 1968ರಲ್ಲಿ ಮಧುಮೇಹಿಗಳ ರಕ್ತದಲ್ಲಿ ಹಿಮೋಗ್ಲೋಬಿನ್‌ನ ಒಂದು ಬಗೆ ಹೆಚ್ಚಾಗಿರುವುದನ್ನು ಗುರುತಿಸಿದ. ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಅದು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನವಾದ್ದರಿಂದ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಅದು ತೋರಿಸುತ್ತದೆ. ಎಚ್‌ಬಿಎ1ಸಿ ಎಂಬ ಈ ಪರೀಕ್ಷೆ ಇಲ್ಲದಿದ್ದರೆ ವಸಡಿನ ಚಿಕಿತ್ಸೆಯಿಂದ ಆಗುವ ಸಣ್ಣ ಇಳಿಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅಳತೆ ಸಿಕ್ಕಿದ ಮೇಲೆ ಸಾಕ್ಷ್ಯ ಬಂದದ್ದು ಅರಿಜೋನಾದ ಹಿಲಾ ನದಿಯ ದಂಡೆಯಿಂದ. ಅಲ್ಲಿನ ಪೀಮಾ ಜನ ಕಾಲುವೆ ತೋಡಿ ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳು, ಹತ್ತಿ ಬೆಳೆಯುತ್ತಿದ್ದ ಬೇಸಾಯಗಾರರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೇಲ್ದಂಡೆಯಲ್ಲಿ ನೆಲೆಸಿದ ಬಿಳಿಯರು ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡಾಗ ಅವರ ಕಾಲುವೆಗಳು ಬತ್ತಿದವು, ಬರಗಾಲ ಬಂತು. ಆಮೇಲೆ ಸರಕಾರಿ ಪಡಿತರದ ಮೈದಾ, ಸಕ್ಕರೆ, ಹಂದಿಕೊಬ್ಬು ಅವರ ಊಟವಾದವು. 1960ರ ದಶಕದಲ್ಲಿ ಕೀಲುರೋಗ ಹುಡುಕಿಕೊಂಡು ಹೋದ ಸಮೀಕ್ಷೆಗೆ ಸಿಕ್ಕಿದ್ದು ಬೇರೆಲ್ಲೂ ಕಾಣದಷ್ಟು ಮಧುಮೇಹ. 1965ರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಅವರನ್ನು ನಿಯಮಿತವಾಗಿ ತಪಾಸಿಸುತ್ತ ಬಂದವು. 1980ರ ದಶಕದಲ್ಲಿ ಹಲ್ಲಿನ ಪರೀಕ್ಷೆಯೂ ಅದಕ್ಕೆ ಸೇರಿತು.

ಅಲ್ಲಿಂದ ಹೊರಬಂದ ಅಂಕಿಗಳೇ ಈ ವಿಷಯದ ಅಡಿಗಲ್ಲು. 1990ರ ವರದಿಯ ಪ್ರಕಾರ ಮಧುಮೇಹಿಗಳಲ್ಲಿ ವಸಡುರೋಗ ಹೊಸದಾಗಿ ಶುರುವಾಗುವ ಪ್ರಮಾಣ ಉಳಿದವರ 2.6 ಪಟ್ಟು. 1996ರ ಅಧ್ಯಯನ ದಿಕ್ಕನ್ನು ತಿರುಗಿಸಿ ಕೇಳಿತು: ತೀವ್ರ ವಸಡುರೋಗ ಇದ್ದವರ ಸಕ್ಕರೆ ಮುಂದೆ ಹತೋಟಿ ತಪ್ಪುವ ಸಂಭವ ಸುಮಾರು ಆರು ಪಟ್ಟು ಎಂಬ ಉತ್ತರ ಬಂತು. 1997ರಲ್ಲಿ 113 ಮಂದಿಗೆ ಹಲ್ಲಿನ ಬೇರು ಶುಚಿಮಾಡಿ, ಕೆಲವು ಗುಂಪುಗಳಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನೂ ಕೊಟ್ಟಾಗ ಮಾತ್ರೆ ಪಡೆದವರ ಎಚ್‌ಬಿಎ1ಸಿ ಮೂರು ತಿಂಗಳಲ್ಲಿ ಇಳಿದಿತ್ತು. ಕೆಲಸ ಮಾಡಿದ್ದು ಶುಚಿಗಿಂತ ಮಾತ್ರೆಯೇ ಇರಬಹುದೆಂಬ ತಕರಾರು ಆಗಲೇ ಎದ್ದಿತು, ಅದು ನ್ಯಾಯವಾದದ್ದೇ. ನೀರು ಕಳೆದುಕೊಂಡು ರೋಗಕ್ಕೆ ಬಿದ್ದ ಒಂದು ಸಮುದಾಯದ ಮೈಯಿಂದ ಲೋಕ ಪಡೆದ ಜ್ಞಾನ ಇದು ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದು ಅಪರೂಪ.

ಈ ನಡುವೆ 1993ರಲ್ಲಿ ಹರಾಲ್ಡ್ ಲೋ ಎಂಬ ನಾರ್ವೆ ಮೂಲದ ವಿಜ್ಞಾನಿ ವಸಡುರೋಗವನ್ನು ಮಧುಮೇಹದ ಆರನೆಯ ತೊಡಕು ಎಂದು ಕರೆದ. ಒಳಗಿನ ಕಾರಣವೂ ನಿಧಾನವಾಗಿ ಸ್ಪಷ್ಟವಾಯಿತು. ವಸಡಿನ ಉರಿಯೂತದಿಂದ ರಕ್ತಕ್ಕೆ ಸೇರುವ ರಾಸಾಯನಿಕಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಬರುತ್ತವೆ. ಏರಿದ ಸಕ್ಕರೆ ವಸಡಿನ ಉರಿಯೂತವನ್ನು ಕೆರಳಿಸಿ ಹಲ್ಲು ಹಿಡಿದಿರುವ ಮೂಳೆಯನ್ನು ಸವೆಸುತ್ತದೆ.

2013ರಲ್ಲಿ ದೊಡ್ಡ ಪೆಟ್ಟೊಂದು ಬಿತ್ತು. ಅಮೆರಿಕದಲ್ಲಿ 514 ಮಧುಮೇಹಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಹಲ್ಲಿನ ಬೇರು ಶುಚಿಮಾಡಿಸಿಕೊಂಡವರಿಗೂ ಮಾಡಿಸಿಕೊಳ್ಳದವರಿಗೂ ಆರು ತಿಂಗಳಲ್ಲಿ ಎಚ್‌ಬಿಎ1ಸಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಪ್ರಯೋಗವನ್ನು ನಡುವೆಯೇ ನಿಲ್ಲಿಸಲಾಯಿತು. ಚಿಕಿತ್ಸೆಯ ನಂತರವೂ ಬಹಳ ಮಂದಿಯ ವಸಡಿನಲ್ಲಿ ರಕ್ತ ಒಸರುತ್ತಿತ್ತು, ಅನೇಕರ ಸಕ್ಕರೆ ಮೊದಲೇ ಸಾಕಷ್ಟು ಹತೋಟಿಯಲ್ಲಿತ್ತು ಎಂದು ವಸಡುತಜ್ಞರು ಆಕ್ಷೇಪಿಸಿದರು. ಸೋತ ಕಡೆಯವರ ನೆಪದಂತೆ ಕೇಳಿಸಿದ ಆ ಮಾತಿಗೆ 2018ರಲ್ಲಿ ಬೆಂಬಲ ಸಿಕ್ಕಿತು. ಲಂಡನ್ನಿನಲ್ಲಿ 264 ಮಂದಿಯ ಪ್ರಯೋಗದಲ್ಲಿ ವರ್ಷವಿಡೀ, ಬೇಕಾದವರಿಗೆ ಶಸ್ತ್ರಚಿಕಿತ್ಸೆಯನ್ನೂ ಸೇರಿಸಿ, ವಸಡನ್ನು ನಿಜವಾಗಿ ಗುಣಪಡಿಸಿದಾಗ ಎಚ್‌ಬಿಎ1ಸಿ ಅಂಥ ಚಿಕಿತ್ಸೆ ಪಡೆಯದ ಗುಂಪಿಗಿಂತ 0.6 ಶೇಕಡಾ ಅಂಶದಷ್ಟು ಕಡಿಮೆಯಾಯಿತು. 2022ರಲ್ಲಿ ಕಾಕ್ರೇನ್ ಸಂಸ್ಥೆ 35 ಪ್ರಯೋಗಗಳನ್ನು ಒಟ್ಟು ನೋಡಿ, ಮೂರು ನಾಲ್ಕು ತಿಂಗಳಲ್ಲಿ 0.43, ಒಂದು ವರ್ಷದಲ್ಲಿ 0.50ರಷ್ಟು ಇಳಿಕೆ ಎಂದು ಲೆಕ್ಕ ಹಾಕಿತು. ಚಿಕಿತ್ಸೆ ಕೊಟ್ಟು, ಕೊಡದೆ ಹೋಲಿಸುವ ಇನ್ನಷ್ಟು ಪ್ರಯೋಗಗಳಿಂದ ಈ ತೀರ್ಮಾನ ಬದಲಾಗುವ ಸಂಭವ ಕಡಿಮೆ ಎಂದೂ ಹೇಳಿತು.

ಮಾತ್ರೆಯನ್ನೋ ಇನ್ಸುಲಿನನ್ನೋ ಬಿಡಿಸುವಷ್ಟು ದೊಡ್ಡ ಇಳಿಕೆ ಇದಲ್ಲ. ಅವುಗಳ ಜೊತೆಗೆ ಸೇರುವಂಥದ್ದು. ಈಗ ವಸಡುರೋಗದ ದರ್ಜೆ ಗುರುತಿಸುವಾಗ ದಂತವೈದ್ಯರು ಎಚ್‌ಬಿಎ1ಸಿ ಶೇಕಡಾ 7ನ್ನು ಮುಟ್ಟಿದೆಯೇ ಎಂದು ಕೇಳುತ್ತಾರೆ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಜೂನ್‌ನಲ್ಲಿ ಮಧುಮೇಹದ ಮಾರ್ಗಸೂಚಿಯನ್ನು ತಿದ್ದಿ, ಕಣ್ಣು ಪಾದಗಳ ತೊಂದರೆಗಳಂತೆ ವಸಡಿನ ಅಪಾಯವನ್ನೂ ರೋಗಿಗೆ ತಿಳಿಸಬೇಕು, ನಿಯಮಿತವಾಗಿ ಹಲ್ಲು ತೋರಿಸಿಕೊಳ್ಳಲು ಹೇಳಬೇಕು ಎಂದು ವೈದ್ಯರಿಗೆ ಸೂಚಿಸಿತು.