ಭವಾವಳಿಯನ್ನು ಹಾರಿಸುವ ಓದುಗ

ಪಂಪನ ಆದಿಪುರಾಣವನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ಇಂದಿನ ಓದುಗನು ಬಹುಮಟ್ಟಿಗೆ ನೀಲಾಂಜನೆಯ ನೃತ್ಯವನ್ನು ಅರಸಿ ಬಂದವನು. ತರಗತಿಯಲ್ಲಿ ಅವನು ಓದಿರುವುದು ಅದನ್ನು, ಇಲ್ಲವೆ ಭರತ-ಬಾಹುಬಲಿಯರ ಪ್ರಸಂಗವನ್ನು. ಕ್ರಿ.ಶ. 941ರ ಈ ಚಂಪೂಕಾವ್ಯಕ್ಕೆ 16 ಆಶ್ವಾಸಗಳು. ನೀಲಾಂಜನೆ ರಂಗಕ್ಕೆ ಬರುವ ಮುನ್ನ ಜಯವರ್ಮ, ಮಹಾಬಲ, ಲಲಿತಾಂಗ, ವಜ್ರಜಂಘ ಮೊದಲಾಗಿ ಹತ್ತು ಭವಗಳನ್ನು ಹಾಯಬೇಕು. ಹೆಚ್ಚಿನವರು ಸೋಲುವುದು ಇಲ್ಲಿಯೇ.

ಸೋಲಿಗೆ ಭಾಷೆಯೇ ಕಾರಣವೆಂಬ ಮಾತು ಅರ್ಧಸತ್ಯ. ಪಕಾರದ ಸ್ಥಾನದಲ್ಲಿ ಹಕಾರವನ್ನಿಟ್ಟರೆ ‘ಪಾಲ್’ ಹಾಲಾಗುತ್ತದೆ, ‘ಪುಲಿ’ ಹುಲಿಯಾಗುತ್ತದೆ; ಗಟ್ಟಿಯಾಗಿ ಓದಿದರೆ ಕಂದಪದ್ಯದ ಸಂಧಿಗಳು ಎಷ್ಟೋ ಕಡೆ ತಾವಾಗಿ ಬಿಡಿಸಿಕೊಳ್ಳುತ್ತವೆ. ಹಳಗನ್ನಡ ಇಂದಿನವರಿಗೆ ಮಾತ್ರ ತೊಡಕಾದುದೂ ಅಲ್ಲ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿದ್ದಾನೆ. ಕಿವಿಯೊಂದೇ ಸಾಕಾಗಿದ್ದರೆ ಆ ಪಟ್ಟಿ ಬೇಕಿರಲಿಲ್ಲ.

ನಿಜವಾದ ತೊಡಕು ಭವಾವಳಿಯದು. ಸಂಸ್ಕೃತದ ಜಿನಸೇನರ ಪೂರ್ವಪುರಾಣವನ್ನು ಅನುಸರಿಸಿದ ಪಂಪನು ಅದನ್ನು ಕೈಬಿಡುವಂತಿರಲಿಲ್ಲ. ಬಿಡಬೇಕೆಂದು ಅವನಿಗೆ ಅನ್ನಿಸಿದಂತೆಯೂ ಕಾಣುವುದಿಲ್ಲ. ಲಲಿತಾಂಗದೇವನ ದೀರ್ಘಾಯುಷ್ಯದಲ್ಲಿ ಅಲ್ಪಾಯುಗಳಾದ ದೇವಿಯರು ಒಬ್ಬರ ಬಳಿಕ ಒಬ್ಬರು ಮರೆಯಾಗುತ್ತಾರೆ, ಅವರ ಎಡೆಗೆ ಬೇರೆಯವರು ಬರುತ್ತಾರೆ. ಕೊನೆಗೆ ಬಂದವಳು ಸ್ವಯಂಪ್ರಭೆ. ಅವಳಲ್ಲಿ ಮನಸ್ಸು ನೆಟ್ಟ ಮೇಲೆ ಅವನ ಕೊರಳ ಮಾಲೆಯೇ ಬಾಡುತ್ತದೆ. ಅವರಿಬ್ಬರೂ ವಜ್ರಜಂಘ-ಶ್ರೀಮತಿಯರಾಗಿ ಹುಟ್ಟಿ ಮತ್ತೆ ಕೂಡುತ್ತಾರೆ. ಗವಾಕ್ಷಗಳನ್ನು ತೆರೆಯದ ಶಯ್ಯಾಗೃಹದಲ್ಲಿ, ಸುಖಕ್ಕೆಂದೇ ಇಟ್ಟ ಧೂಪದ ಹೊಗೆಗೆ ಉಸಿರುಗಟ್ಟಿ ಸಾಯುತ್ತಾರೆ. ವೈರಿಯಿಲ್ಲ, ಶಾಪವಿಲ್ಲ. ಭೋಗದ ಸಾಮಗ್ರಿಯೇ ಕೊಂದಿತು. ಕನ್ನಡ ಕಾವ್ಯದಲ್ಲಿ ಇಷ್ಟು ಸದ್ದಿಲ್ಲದ ಸಾವು ಅಪರೂಪ. ಪಠ್ಯಕ್ಕೆ ಆಯ್ದವರ ಕಣ್ಣಿಗೆ ಇದು ಹೆಚ್ಚಾಗಿ ಬೀಳದಿರುವುದು ವಿಷಾದದ ಸಂಗತಿ.

ಇದನ್ನು ಓದಿ ಬಂದವನಿಗೆ ನೀಲಾಂಜನೆ ಬೇರೆಯಾಗಿಯೇ ಕಾಣುತ್ತಾಳೆ. ಆಯುಷ್ಯ ತೀರಿ ಅವಳು ಕುಣಿಯುತ್ತಲೇ ಇಲ್ಲವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣವೇ ಅವಳಂಥದೇ ರೂಪವೊಂದನ್ನು ನಿಲ್ಲಿಸುತ್ತಾನೆ. ಸಭೆಗೆ ತಿಳಿಯುವುದಿಲ್ಲ, ಆದಿದೇವನಿಗೆ ತಿಳಿಯುತ್ತದೆ. ಭವಾವಳಿಯನ್ನು ಹಾರಿಸಿ ಬಂದವನು ಇದನ್ನು ತೀರ್ಥಂಕರನ ಜ್ಞಾನಕ್ಕೆ ಬಿಟ್ಟು ಮುಂದೆ ನಡೆಯುತ್ತಾನೆ. ಓದಿದವನಿಗೆ ಲಲಿತಾಂಗನ ಪಕ್ಕದಲ್ಲಿ ಒಬ್ಬಳು ಹೋಗಿ ಇನ್ನೊಬ್ಬಳು ನಿಂತದ್ದು ನೆನಪಾಗುತ್ತದೆ. ಅಂದು ಅವನೂ ಸಭೆಯಂತೆಯೇ ನೋಡುತ್ತ ಕುಳಿತಿದ್ದ.